ದೀಪದ ಹೊತ್ತಿಗೆ ತೆರೆದ ಬಾಗಿಲು

ಕುವೆಂಪುನಗರದ ನಮ್ಮ ಬೀದಿಯನ್ನು ಒಳಚರಂಡಿ ಕೊಳವೆಗೆಂದು ಅಗೆದು ಹದಿನೆಂಟು ದಿನವಾಯಿತು. ಮಣ್ಣು ಎರಡೂ ಬದಿಗೆ ಗುಡ್ಡೆ ಬಿದ್ದಿದೆ. ಮೊನ್ನೆ ಮಂಗಳವಾರ ಸಂಜೆ ನಾಲ್ಕಕ್ಕೆ, ಮಳೆಗೆ ಮುಂಚಿನ ಗಾಳಿ ಎದ್ದು ಆ ಮಣ್ಣನ್ನೆಲ್ಲ ಎತ್ತಿ ಮನೆಗಳ ಮೇಲೆ ಸುರಿಯಿತು. ನಾನು ಕಿಟಕಿಗಳನ್ನು ಮುಚ್ಚಿದೆ. ಹಳೆಯ ಟವೆಲ್ಲೊಂದನ್ನು ಒದ್ದೆ ಮಾಡಿ, ಹಿಂಡಿ, ಸುರುಳಿ ಸುತ್ತಿ, ಮುಂಬಾಗಿಲ ಕೆಳಗಿನ ಸಂದಿಗೆ ಒತ್ತಿದೆ. ಮೈಸೂರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಕೈ ತಾನಾಗಿಯೇ ಮಾಡಿತು. ಒದ್ದೆ ಬಟ್ಟೆಗೆ ಧೂಳು ತಾಗಿದಾಗ ಒಂದು ವಾಸನೆ ಬರುತ್ತದೆ. ಹಸಿ ಮಡಕೆಯದೂ ಅಲ್ಲ, ಹೊಸ ಸುಣ್ಣದ್ದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಂದದ್ದೇ ನಾನು ಬಾಗಿಲ ಬಳಿ ನೆಲದ ಮೇಲೆ ಕುಳಿತುಬಿಟ್ಟೆ. ನಾಲ್ಕೂವರೆಗೆ ಸರಿಯಾಗಿ ಕಾಫಿ ಕುಡಿಯುವವಳು ಐದಾದರೂ ಏಳಲಿಲ್ಲ.

ಅಂದೇ ಬೆಳಿಗ್ಗೆ ಕುವೈತಿನಿಂದ ಅಳಿಯ ಹರೀಶನ ಸಂದೇಶ ಬಂದಿತ್ತು. ‘ಅತ್ತೆ, ಈ ವರ್ಷ ನೀವು ಬಂದು ಮೂರು ತಿಂಗಳು ಇದ್ದು ಹೋಗಿ. ಪಾಪು ಅಜ್ಜಿ ಅಜ್ಜಿ ಅಂತಾಳೆ. ಅವ್ವನ್ನ ಕರೆಸೋಕೆ ಧೈರ್ಯ ಇಲ್ಲ. ಹೇಳಿದ ಮಾತು ಕೇಳಲ್ಲ, ನಿಮಗೇ ಗೊತ್ತಲ್ಲ.’

ನನಗೇ ಗೊತ್ತು. ನನ್ನೊಬ್ಬಳಿಗೇ ಗೊತ್ತು ಎಂದುಕೊಂಡು ನಾಲ್ಕು ವರ್ಷ ಕಳೆದಿದ್ದೆ.

ಮಗಳು ಶುಭಾ ಅಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಾಳೆ. ಹೆರಿಗೆಗೆ ಊರಿಗೆ ಬರುವಷ್ಟು ರಜೆ ಸಿಗಲಿಲ್ಲ. ಹೆರಿಗೆ ಅಲ್ಲೇ ಆಯಿತು, ಬಾಣಂತನಕ್ಕೆ ನಾನೇ ಹೊರಟೆ. ಹರೀಶ, ತನ್ನ ತಾಯಿಯೂ ಒಮ್ಮೆ ವಿಮಾನ ಹತ್ತಲಿ, ಸಮುದ್ರ ನೋಡಲಿ ಎಂದು ಅವರಿಗೂ ಟಿಕೆಟ್ ಮಾಡಿಸಿದ. ಹೀಗಾಗಿ ಏಪ್ರಿಲ್ ಕೊನೆಯಲ್ಲಿ ಇಬ್ಬರು ಬೀಗಿತ್ತಿಯರು ಅಕ್ಕಪಕ್ಕದ ಸೀಟಿನಲ್ಲಿ ಕುಳಿತು ಕುವೈತಿಗೆ ಹೋದೆವು.

ನನ್ನ ಬಗ್ಗೆ ಹೇಳಬೇಕಾದದ್ದು ಇಷ್ಟೆ: ಇಪ್ಪತ್ತೊಂಬತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಗಂಟೆ ಬಾರಿಸದೆ ಅಲ್ಲಿ ಯಾರೂ ಅನ್ನಕ್ಕೂ ಕೈ ಹಾಕುತ್ತಿರಲಿಲ್ಲ. ದೇವರಾಜ ಮೊಹಲ್ಲಾದಲ್ಲಿ ಅಂಗಡಿ ಇಟ್ಟಿದ್ದ ನನ್ನ ತಂದೆಯೂ ಹಾಗೆಯೇ. ಬಾಗಿಲು ತೆಗೆಯುವ ಹೊತ್ತು, ಹಾಕುವ ಹೊತ್ತು ಒಂದು ನಿಮಿಷ ಆಚೀಚೆ ಆದರೆ ಊಟ ಸೇರುತ್ತಿರಲಿಲ್ಲ. ಬೀಗಿತ್ತಿ ಚಿಕ್ಕತಾಯಮ್ಮನವರು ಬನ್ನೂರಿನ ಕಡೆಯವರು. ಗದ್ದೆ, ಕಣ, ಹಸು ಇವೇ ಅವರ ಲೋಕ. ಹಸಿವಾದಾಗ ಉಣ್ಣುವುದು, ನಿದ್ದೆ ಬಂದಾಗ ಮಲಗುವುದು. ಎದೆಯಲ್ಲಿ ಒಂದಿಷ್ಟು ಉಬ್ಬಸವಿತ್ತು. ಸೆರಗಿನ ಗಂಟಿನಲ್ಲಿ ಎಲೆಯಡಿಕೆ ಇರುವ ಹಾಗೆ ಅದೂ ಇತ್ತು, ಅವರು ಲೆಕ್ಕಕ್ಕಿಟ್ಟಿರಲಿಲ್ಲ.

ಹೋದ ಮರುದಿನವೇ ನಾನು ಮನೆಯ ದಿನಚರಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಾಲ್ಕೂ ಮುಕ್ಕಾಲಿಗೆ ಏಳುವುದು, ಏಳಕ್ಕೆ ಬಾಣಂತಿಯ ಸ್ನಾನ, ಎಂಟಕ್ಕೆ ಕೂಸಿನ ಎಣ್ಣೆನೀರು, ಸಂಜೆ ಆರೂವರೆಗೆ ದೀಪ. ಚಿಕ್ಕತಾಯಮ್ಮನವರು ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದರು.

“ಉಚ್ಚೆಗೋಗೋಕೆ ಯಾವ ಗಂಟೆ ಬರ್ದಿದ್ದೀರಿ ವಾರ್ಡನ್ನಮ್ಮೋರೆ? ಅದೊಂದು ಕಾಣ್ತಿಲ್ವಲ್ಲ.”

ಶುಭಾ ಹೊಲಿಗೆ ನೋಯುವಷ್ಟು ನಕ್ಕಳು. ನಾನು ನಗಲಿಲ್ಲ.

ಮನೆ ಸಾಲ್ಮಿಯಾ ಎಂಬ ಬಡಾವಣೆಯಲ್ಲಿ, ಆರನೆಯ ಮಹಡಿ. ಬಾಲ್ಕನಿಯಿಂದ ನೋಡಿದರೆ ಕಾರು ನಿಲ್ಲಿಸುವ ಬಯಲು, ಅದರಾಚೆ ರಸ್ತೆ, ಅದರಾಚೆ ಸಮುದ್ರ. ಬನ್ನೂರಿನಿಂದ ಮಂಗಳೂರಿಗೆ ಒಂದು ಹಗಲಿನ ದಾರಿಯಾದರೂ ಚಿಕ್ಕತಾಯಮ್ಮನವರು ಅರವತ್ತಾರು ವರ್ಷದಲ್ಲಿ ಸಮುದ್ರ ಕಂಡಿರಲಿಲ್ಲ. ಮೊದಲ ದಿನ ಬಾಲ್ಕನಿಯ ಕಂಬಿ ಹಿಡಿದು ಬಹಳ ಹೊತ್ತು ನಿಂತಿದ್ದು, “ಇಷ್ಟು ನೀರು ಮಡಿಕ್ಕಂಡು ಒಂದು ಗದ್ದೆ ಇಲ್ವಲ್ಲ ಇವ್ರಿಗೆ,” ಎಂದರು. ಆಮೇಲೆ ಮಗನಿಗೆ, “ಒಂದ್ಸಲ ಕಾಲು ಇಳಿಸ್ಬೇಕು ಕಣಪ್ಪ, ಅಷ್ಟೇಯ,” ಎಂದರು. “ಶುಕ್ರವಾರ ರಜೆ ಅವ್ವ, ಕರ್ಕೊಂಡೋಗ್ತೀನಿ,” ಎಂದು ಹರೀಶ ಮಾತು ಕೊಟ್ಟ.

ಆ ಶುಕ್ರವಾರ ಗಾಳಿ ಬಂತು. ಅಲ್ಲಿಯವರು ಅದಕ್ಕೆ ತೋಝ್ ಎನ್ನುತ್ತಾರೆ. ವಾಯವ್ಯದ ಮರಳುಗಾಡಿನಿಂದ ಹೊರಟು, ದಾರಿಯ ಮಣ್ಣನ್ನೆಲ್ಲ ಹೊತ್ತು, ಊರು ದಾಟಿ ಕಡಲಿಗೆ ಬೀಳುವ ಬಿಸಿಗಾಳಿ. ಮೊದಲು ಸಮುದ್ರ ಅಳಿಸಿಹೋಯಿತು. ಆಮೇಲೆ ರಸ್ತೆ, ಆಮೇಲೆ ಕಾರುಗಳು. ಬೆಳಿಗ್ಗೆ ಹತ್ತು ಗಂಟೆಯ ಆಕಾಶ ಹಣ್ಣಾದ ಪಪ್ಪಾಯಿಯ ತಿರುಳಿನ ಬಣ್ಣಕ್ಕೆ ತಿರುಗಿ, ಬೀದಿದೀಪಗಳು ತಾವೇ ಹೊತ್ತಿಕೊಂಡವು. ಬಂದರಿನಲ್ಲಿ ಹಡಗುಗಳನ್ನು ನಿಲ್ಲಿಸಿದರು, ಮೀನಿನ ದೋಣಿಗಳು ದಡ ಬಿಡಲಿಲ್ಲ. ಒಣ ಊರಿನಲ್ಲಾದರೆ ಧೂಳನ್ನು ಗುಡಿಸಬಹುದು. ಇಲ್ಲಿ ಕಡಲಿನ ತೇವವೂ ಸೇರಿ, ಬಾಲ್ಕನಿಯ ಕಂಬಿಗೆ, ಒಣಹಾಕಿದ ಕೂಸಿನ ಬಟ್ಟೆಗೆ, ಗಾಜಿಗೆ ಉಪ್ಪುಗೆಸರಿನ ಹಾಗೆ ಅಂಟುತ್ತಿತ್ತು. ಎರಡು ಬಾರಿ ಒರೆಸಿದರೂ ನಾಲಿಗೆಗೆ ಕರಕರ ಎನ್ನುವ ಅನ್ನ.

ಎರಡನೆಯ ಶುಕ್ರವಾರವೂ ಅದೇ. ಮೂರನೆಯದೂ ಅದೇ. ಆ ವರ್ಷ ಗಾಳಿ ರಜೆಯ ದಿನ ನೋಡಿಕೊಂಡೇ ಬರುತ್ತಿದ್ದ ಹಾಗಿತ್ತು.

ಚಿಕ್ಕತಾಯಮ್ಮನವರಿಗೆ ಗಾಳಿಯ ಗುಟ್ಟು ಎರಡು ವಾರದಲ್ಲಿ ತಿಳಿದುಹೋಯಿತು. ಮೊಬೈಲಿನಲ್ಲಿ ಎಚ್ಚರಿಕೆ ಬರುವ ಮುಂಚೆಯೇ, ಮೂಗು ಎತ್ತಿ, “ಸೊಸೆ, ಟವೆಲ್ ನೆನಸವ್ವ. ಬತ್ತಾ ಅದೆ,” ಎನ್ನುತ್ತಿದ್ದರು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ಒತ್ತುವುದನ್ನು ನಾನು ಕಲಿತದ್ದು ಅವರಿಂದ. ಆದರೆ ಗಾಳಿ ಇಲ್ಲದ ಹೊತ್ತಿನಲ್ಲಿ ಬಾಲ್ಕನಿಯ ಬಾಗಿಲು ತೆಗೆದುಕೊಂಡು ಸಮುದ್ರ ನೋಡುತ್ತ ಕೂರುವುದು ಅವರ ಅಭ್ಯಾಸ. ತಂಪುಯಂತ್ರದ ಗಾಳಿಯೆಲ್ಲ ಹೊರಗೆ ಹೋಗುತ್ತದೆ ಎಂದು ಹರೀಶ ದಿನಾ ಗೊಣಗುತ್ತಿದ್ದ. ನನ್ನ ತಕರಾರು ಬೇರೆ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಿಲ ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗುತ್ತಾಳೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಕ್ರಮ. ಆರನೆಯ ಮಹಡಿಯಲ್ಲಿ ಹಿತ್ತಿಲೆಲ್ಲಿ ಬರಬೇಕು? ಬಾಲ್ಕನಿಯನ್ನೇ ಹಿತ್ತಿಲು ಎಂದುಕೊಂಡೆ. ದಿನಾ ಆರೂವರೆಗೆ, “ಬಾಲ್ಕನಿ ಬಾಗಿಲು ಹಾಕಿ ಚಿಕ್ಕತಾಯಮ್ಮನವರೇ,” ಎಂದು ನಾನು ಹೇಳಬೇಕು, ಅವರು ಒಲ್ಲದ ಮನಸ್ಸಿನಿಂದ ಏಳಬೇಕು. ಹೀಗಾಗಿ ಆ ಮನೆಯಲ್ಲಿ ಬಾಲ್ಕನಿಯ ಬಾಗಿಲು ಎಂದರೆ ಅವರು, ಅವರು ಎಂದರೆ ಬಾಲ್ಕನಿಯ ಬಾಗಿಲು ಎಂದಾಯಿತು.

ಜೂನ್ ಮೊದಲ ವಾರ. ಬುಧವಾರ. ಮಧ್ಯಾಹ್ನದಿಂದಲೇ ಗಾಳಿ ಕಟ್ಟಿ ನಿಂತಿತ್ತು. ನಾಲ್ಕಕ್ಕೆ ಎಚ್ಚರಿಕೆ ಬಂತು. ಶುಭಾ ಕೂಸಿನೊಂದಿಗೆ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಳ್ಳುವ ಮುಂಚೆ ನನ್ನ ಕಡೆ ತಿರುಗಿ, “ಅಮ್ಮಾ, ಇವತ್ತು ದೀಪ ಹಚ್ಚುವಾಗ ಮುಂಬಾಗಿಲು ತೆಗೀಬೇಡ. ಮೆಟ್ಟಿಲ ಕಡೆ ಕಿಟಕಿ ಮುರಿದಿದೆ. ಎಲ್ಲಾ ಒಳಗೆ ಬರುತ್ತೆ,” ಎಂದಳು. ನಾನು ಹೂಂ ಎಂದೆ.

ಆರೂವರೆಗೆ ಕಾಲು ಗಂಟೆ ಇರುವಾಗ ಕೈಕಾಲು ತೊಳೆದೆ. ನಡುಮನೆಯ ಮೂಲೆಯಲ್ಲಿದ್ದ ದೇವರ ಮುಂದೆ ಎಣ್ಣೆ ಬತ್ತಿ ಸರಿಮಾಡಿದೆ. ಚಿಕ್ಕತಾಯಮ್ಮನವರು ಬಾಲ್ಕನಿಯ ಮುಚ್ಚಿದ ಗಾಜಿನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಕಾಣದ ಸಮುದ್ರದ ಕಡೆ ಮುಖ ಮಾಡಿ ಕುಳಿತಿದ್ದರು. ಗಂಟೆ ಆರೂವರೆಯಾಯಿತು. ನನ್ನ ಮದುವೆಯಾದಂದಿನಿಂದ ಮುಚ್ಚಿದ ಬಾಗಿಲಲ್ಲಿ ದೀಪ ಹಚ್ಚಿದವಳಲ್ಲ ನಾನು. ಸೂತಕ ಬಿಟ್ಟರೆ ಒಂದು ದಿನವೂ ತಪ್ಪಿಸಿದವಳಲ್ಲ. ಮನೆಯಲ್ಲಿ ಹೊಸ ಕೂಸಿದೆ, ಇವತ್ತೇ ತಪ್ಪಿಸುವುದೆ? ಹೊರಗೆ ಕಿವಿಗೊಟ್ಟೆ. ಅಷ್ಟೇನೂ ಸದ್ದಿಲ್ಲ ಅನ್ನಿಸಿತು. ಟವೆಲ್ ಸರಿಸಿ ಮುಂಬಾಗಿಲು ತೆರೆದೆ. ಮುಚ್ಚಿಕೊಳ್ಳದ ಹಾಗೆ ಚಪ್ಪಲಿಯೊಂದನ್ನು ಅಡ್ಡ ಕೊಟ್ಟೆ. ದೀಪ ಹಚ್ಚಿ, ಕಣ್ಣು ಮುಚ್ಚಿ ಕುಳಿತು ಸ್ತೋತ್ರ ಹೇಳತೊಡಗಿದೆ. ಹದಿನೈದು ನಿಮಿಷದ ಸ್ತೋತ್ರ.

ಐದು ನಿಮಿಷವಾಗಿರಬೇಕು. ಮುಖಕ್ಕೆ ಒಲೆಯ ಬಾಯಿ ತೆರೆದಂತೆ ಕಾವು ತಾಗಿತು. ಚಿಕ್ಕತಾಯಮ್ಮನವರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಆಮೇಲೆ ನಿಲ್ಲಲೇ ಇಲ್ಲ. ನಾನು ಕಣ್ಣು ತೆರೆಯಲಿಲ್ಲ. ನನ್ನ ಪ್ರಾರ್ಥನೆಯ ಹೊತ್ತಿಗೇ ಇವರಿಗೆ ಕೆಮ್ಮು, ಆಕಳಿಕೆ, ಊರಿನ ಮಾತು ಎಲ್ಲ ಬರುತ್ತದೆ ಎಂದುಕೊಂಡೆ. ಕಾಲು ಗಂಟೆ ಸುಮ್ಮನಿರಲಾರದ ಹೆಂಗಸು ಎಂದುಕೊಂಡೆ. ದನಿಯನ್ನು ಇನ್ನಷ್ಟು ಏರಿಸಿ ಸ್ತೋತ್ರ ಮುಗಿಸಿದೆ. ಒಂದು ಸಾಲೂ ಬಿಡಲಿಲ್ಲ.

ಕಣ್ಣು ತೆರೆದಾಗ ದೀಪ ಆರಿತ್ತು. ನಡುಮನೆಯ ತುಂಬ ಕೆಂಪು ಮಬ್ಬು. ಎಣ್ಣೆಯ ಮೇಲೆ ಕೆನೆ ಕಟ್ಟಿದ ಹಾಗೆ ಧೂಳು. ಎದ್ದು ಓಡಿ ಮುಂಬಾಗಿಲು ಮುಚ್ಚಿದೆ. ತಿರುಗಿ ನೋಡಿದರೆ, ಒಳಗೆ ಉಸಿರು ಸಿಗದೆ ಚಿಕ್ಕತಾಯಮ್ಮನವರು ಬಾಲ್ಕನಿಯ ಬಾಗಿಲು ತಳ್ಳಿ, ಅರ್ಧ ಒಳಗೆ ಅರ್ಧ ಹೊರಗೆ, ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು. ತುಟಿ ನೇರಳೆಯಾಗಿತ್ತು. ನಾನು ಅವರ ಬೆನ್ನು ನೀವುತ್ತಿರುವಾಗಲೇ ಹರೀಶ ಬೀಗ ತೆಗೆದು ಒಳಗೆ ಬಂದ. ಅವನಿಗೆ ಕಂಡದ್ದು ತೆರೆದ ಬಾಲ್ಕನಿ, ಅದರ ಹೊಸ್ತಿಲಲ್ಲಿ ಅವನ ತಾಯಿ.

“ಅವ್ವ, ಇವತ್ತೂ ತೆಗೆದ್ಯಾ? ನಿಂಗೆ ಸಮುದ್ರ ಮುಖ್ಯವೋ, ಕೂಸು ಮುಖ್ಯವೋ?”

ಅವರಿಗೆ ಮಾತಾಡಲು ಉಸಿರಿರಲಿಲ್ಲ. ನನಗಿತ್ತು. ನಾನು ಆಡಲಿಲ್ಲ.

ಅವನು ತಾಯಿಯನ್ನು ಎತ್ತಿಕೊಂಡೇ ಕೆಳಗಿಳಿದು ಆಸ್ಪತ್ರೆಗೆ ಹೋದ. ಕೋಣೆಯ ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇದ್ದುದರಿಂದ ಕೂಸಿಗೆ ಏನೂ ಆಗಿರಲಿಲ್ಲ. ಶುಭಾ ಹೊರಗೆ ಬಂದು ನೋಡುವಷ್ಟರಲ್ಲಿ ನಾನು ಬಕೆಟ್ಟು ಬಟ್ಟೆ ಹಿಡಿದಿದ್ದೆ. ಧೂಳು ಮುಂಬಾಗಿಲ ಬಳಿ ಬೆರಳು ದಪ್ಪ ಬಿದ್ದಿತ್ತು. ಬಾಲ್ಕನಿಯ ಕಡೆ ಹೋದಂತೆ ತೆಳುವಾಗುತ್ತಿತ್ತು. ನೋಡಬಲ್ಲವರು ನೋಡಿದ್ದರೆ ಗಾಳಿ ಎಲ್ಲಿಂದ ಬಂತೆಂದು ನೆಲವೇ ಹೇಳುತ್ತಿತ್ತು. ನಾನು ಮುಂಬಾಗಿಲಿನಿಂದಲೇ ಒರೆಸಲು ಶುರುಮಾಡಿದೆ. ದೀಪ ತೊಳೆದೆ. ಎಣ್ಣೆ ಬದಲಿಸಿದೆ.

“ಅಮ್ಮಾ, ನೀನು ಬಾಗಿಲು ತೆಗೆದಿದ್ಯಾ?” ಎಂದು ಶುಭಾ ಕೇಳಿದಳು.

“ಇಲ್ಲ,” ಎಂದೆ.

ಇಪ್ಪತ್ತೊಂಬತ್ತು ವರ್ಷ ಹುಡುಗಿಯರನ್ನು ಎದುರಿಗೆ ನಿಲ್ಲಿಸಿಕೊಂಡು, ಕಣ್ಣು ನೋಡಿಯೇ ಸುಳ್ಳು ಹಿಡಿಯುತ್ತಿದ್ದವಳು ನಾನು. ನನ್ನ ಕಣ್ಣನ್ನು ಯಾರೂ ನೋಡಲಿಲ್ಲ. ಬದಲಿಗೆ, “ನೀನಿದ್ದದ್ದಕ್ಕೆ ಆಯ್ತಮ್ಮ, ಇಲ್ಲದಿದ್ರೆ ಇವತ್ತು ಮನೆ ಗತಿ,” ಎಂದಳು ಮಗಳು.

ಚಿಕ್ಕತಾಯಮ್ಮನವರು ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಈ ಋತು ಮುಗಿಯುವವರೆಗೆ ಇವರು ಈ ಊರಲ್ಲಿರಬಾರದು ಎಂದರಂತೆ ವೈದ್ಯರು. ಹರೀಶ ಅವರೊಬ್ಬರ ಟಿಕೆಟನ್ನು ಹತ್ತಿರದ ದಿನಕ್ಕೆ ಬದಲಾಯಿಸಿದ. ಬಾಲ್ಕನಿಗೆ ಬೀಗ ಬಿತ್ತು, ಬೀಗದ ಕೈ ನನ್ನ ಸೊಂಟಕ್ಕೆ ಬಂತು; ನಾನು ಶಿಸ್ತಿನವಳಲ್ಲವೆ. ಉಳಿದ ನಾಲ್ಕು ದಿನ ಅವರು ಗಾಜಿನ ಹಿಂದೆ ಕುಳಿತಿದ್ದರು. ಯಾರ ಮೇಲೂ ದೂರಲಿಲ್ಲ. ನನ್ನನ್ನು ವಾರ್ಡನ್ನಮ್ಮೋರೆ ಎಂದು ಕರೆಯುವುದೊಂದನ್ನು ಮಾತ್ರ ನಿಲ್ಲಿಸಿದ್ದರು. ವಿಮಾನ ನಿಲ್ದಾಣಕ್ಕೆ ಹೋಗುವ ಬೆಳಿಗ್ಗೆ ಕಾರು ಸಮುದ್ರದ ಪಕ್ಕದಲ್ಲೇ ಹಾದುಹೋಯಿತು. ಗಾಳಿ ಇರಲಿಲ್ಲ. ನೀರು ತೊಳೆದ ಸ್ಲೇಟಿನ ಹಾಗಿತ್ತು. “ಎರಡು ನಿಮಿಷ ನಿಲ್ಸಪ್ಪ,” ಎಂದು ಅವರು ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ. ಕೇಳಿದ್ದರೆ ಹರೀಶ ನಿಲ್ಲಿಸುತ್ತಿದ್ದನೇನೋ. ನಾನಾದರೂ ಹೇಳಬಹುದಿತ್ತು. ಹೊತ್ತಾಗುತ್ತದೆ ಎಂದು ಗಡಿಯಾರ ನೋಡಿಕೊಂಡೆ.

ನಾನು ಜುಲೈ ಕೊನೆಯವರೆಗೂ ಅಲ್ಲಿದ್ದೆ. ಬಾಣಂತನ ಚೆನ್ನಾಗಿ ಮಾಡಿದೆ ಎಂದು ಹೆಸರು ಬಂತು.

ಊರಿಗೆ ಬಂದ ಮೇಲೆ ಬೀಗರ ಮನೆಯ ನಾಮಕರಣ, ಗೃಹಪ್ರವೇಶಗಳಲ್ಲಿ ಅವರನ್ನು ನೋಡುತ್ತಲೇ ಇದ್ದೆ. ಹಿರಿಯ ಮಗ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿ, ಟೈಲ್ಸ್ ಅಂಗಡಿ ಇಟ್ಟ ಮೇಲೆ ಅವರೂ ಅಲ್ಲಿಗೇ ಬಂದರು. ನಮ್ಮ ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷ. ನಾಲ್ಕು ವರ್ಷದಲ್ಲಿ ಆ ಹದಿನೈದು ನಿಮಿಷ ನನ್ನ ದಿನಚರಿಯಲ್ಲಿ ಎಲ್ಲಿಯೂ ಸಿಗಲಿಲ್ಲ.

ಮಂಗಳವಾರ ಆ ವಾಸನೆ ಬಂತು. ಬುಧವಾರ ಮಧ್ಯಾಹ್ನ ಮೂರೂವರೆಗೆ ಆಟೋ ಹತ್ತಿದೆ.

ಚಿಕ್ಕತಾಯಮ್ಮನವರು ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಟಿವಿಯಲ್ಲಿ ಧಾರಾವಾಹಿ ಸದ್ದಿಲ್ಲದೆ ಓಡುತ್ತಿತ್ತು.

“ಬನ್ನಿ. ಏನು, ಟೈಮ್ ಟೇಬಲ್ ಬುಟ್ಟು ಬಂದ್ಬುಟ್ರಿ?”

ನಾನು ಕೂರಲಿಲ್ಲ. ಕುಳಿತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಬೇರೆ ಮಾತು ಬರುತ್ತದೆ. ನಿಂತೇ ಹೇಳಿದೆ. “ಚಿಕ್ಕತಾಯಮ್ಮನವರೇ, ಅವತ್ತು ಕುವೈತಿನಲ್ಲಿ ಮುಂಬಾಗಿಲು ತೆಗೆದವಳು ನಾನು. ಧೂಳು ಬಂದದ್ದು ಅಲ್ಲಿಂದ.”

ಅವರ ಬೆರಳು ನಿಲ್ಲಲಿಲ್ಲ. “ಗೊತ್ತು. ಕುಂತ್ಕಳಿ.”

“ಗೊತ್ತಿತ್ತಾ?”

“ನಾನು ಬಾಲ್ಕನಿ ಕಡೆ ಮೊಕ ಮಾಡ್ಕಂಡು ಕುಂತಿದ್ದೆ. ಧೂಳು ಬೆನ್ನಿಂದ ಬಂತು. ನಲವತ್ತು ವರ್ಷ ಕಣದಲ್ಲಿ ರಾಗಿ ತೂರಿದೋಳು ಕಣ್ರೀ. ಗಾಳಿ ಯಾವ ದಿಕ್ಕಿಂದು ಅಂತ ನಂಗೆ ಯಾರಾರು ಯೋಳ್ಕೊಡ್ಬೇಕಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ಯೋಳಿದ್ರೆ ಏನಾಗೋದು? ಅವನು ನಿಮ್ಮ ಮೇಲೆ ಕೂಗಾಡೋನು. ನೀವು ಮಾನಕ್ಕೆ ಅಂಜಿ ಮಾರ್ನೇ ದಿನ ಬ್ಯಾಗ್ ಕಟ್ಟೋರು. ಕೂಸಿಗೆ ನೀರು ಉಯ್ಯೋರು ಯಾರು? ನಂಗೆ ಎದೆ ಕಟ್ಕತದೆ, ಬಗ್ಗಕಾಗಲ್ಲ. ಇಬ್ರಲ್ಲಿ ಒಬ್ರು ಓಗ್ಬೇಕಾದ್ರೆ ನಾನೇ ಸರಿ ಅಂದ್ಕಂಡೆ.” ಬೀಜವನ್ನು ತಟ್ಟೆಗೆ ಹಾಕಿದರು. “ನೀವೇ ಯೋಳ್ತೀರಿ ಅಂತ ಆಮೇಲೆ ಕಾದೆ. ನಾಕು ವರ್ಸ ಆಯ್ತು.”

ನಾನು ಕೈ ಮುಗಿದೆ. ತಪ್ಪಾಯಿತು ಎಂದೆ.

“ನನ್ನತ್ರ ಅಂದು ಏನು ಪ್ರಯೋಜ್ನ? ನಂಗೆ ಗೊತ್ತಿರೋದ್ನ ನಂಗೇ ಯೋಳ್ತಾ ಇದ್ದೀರಿ. ಅವನಿಗೆ ಯೋಳಿ. ಮಾತು ಕೇಳದ ಮುದುಕಿ ಅಂತ ಕರೆಸೋದೇ ಇಲ್ಲ ಅವನು. ಚಳಿಗಾಲದಲ್ಲಿ ಅಲ್ಲಿ ಧೂಳಿರಲ್ವಂತೆ, ಸೊಸೆನೇ ಅಂದ್ಲು. ಕೂಸ್ನ ನಾನೂ ಎತ್ಕೋಬೇಕು.”

“ಮನೆಗೆ ಹೋಗಿ ಫೋನ್ ಮಾಡುತ್ತೇನೆ.”

“ಇಲ್ಲೇ ಮಾಡಿ. ನಾನೂ ಕೇಳ್ಬೇಕು.”

ನಮಗೆ ನಾಲ್ಕಾದಾಗ ಅಲ್ಲಿ ಒಂದೂವರೆ. ಹರೀಶ ಕೆಲಸದಲ್ಲಿದ್ದ. ಕೆಲಸ ಮುಗಿಸಿ ಮಾಡುತ್ತೇನೆ ಎಂದು ಸಂದೇಶ ಹಾಕಿದ. ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನಾನೂ ತಟ್ಟೆಯ ಮುಂದೆ ಕುಳಿತು ಹುಣಸೆಬೀಜ ಬಿಡಿಸಿದೆ. ಆರೂವರೆಯಾಯಿತು. ಆ ಮನೆಯ ಸೊಸೆ ಮುಂಬಾಗಿಲು ತೆಗೆದು, ಹಿಂಬಾಗಿಲು ಹಾಕಿ, ದೀಪ ಹಚ್ಚಿದಳು. ಕುವೆಂಪುನಗರದಲ್ಲಿ ನನ್ನ ಮನೆಗೆ ಬೀಗ, ದೇವರ ಮುಂದೆ ಕತ್ತಲೆ. ನಾನು ಏಳಲಿಲ್ಲ.

ಏಳೂವರೆಗೆ ಫೋನ್ ಬಂತು. ಚಿಕ್ಕತಾಯಮ್ಮನವರು ಸ್ಪೀಕರ್ ಹಾಕಿ ಎಂದು ಕೈಸನ್ನೆ ಮಾಡಿದರು.

“ಹೇಳಿ ಅತ್ತೆ. ಟಿಕೆಟ್ ನೋಡ್ಲಾ?”

“ಟಿಕೆಟ್ ಆಮೇಲೆ. ಹರೀಶ, ಅವತ್ತು ಬಾಗಿಲು ತೆಗೆದವಳು ನಾನು. ನಿಮ್ಮ ಅವ್ವ ಅಲ್ಲ.”

ಆಚೆ ರಸ್ತೆಯ ಸದ್ದು ಕೇಳುತ್ತಿತ್ತು. “ಯಾವ ಬಾಗ್ಲು ಅತ್ತೆ?” ಎಂದ ಹರೀಶ.

ಅವನಿಗೆ ಬಾಗಿಲು ಮರೆತೇಹೋಗಿತ್ತು. ಆ ಸಂಜೆ, ಆ ಧೂಳು, ಆಡಿದ ಮಾತು ಯಾವುದೂ ಉಳಿದಿರಲಿಲ್ಲ. ತಾಯಿ ಹೇಳಿದ ಮಾತು ಕೇಳುವುದಿಲ್ಲ ಎಂಬುದೊಂದು ಮಾತ್ರ ಉಳಿದಿತ್ತು. ಏನಿಲ್ಲ ಬಿಡಪ್ಪ ಎಂದು ಫೋನ್ ಇಟ್ಟುಬಿಡಬಹುದಿತ್ತು. ನಾಚಿಕೆಯಿಲ್ಲದೆ ಬರೆಯುತ್ತೇನೆ, ಆ ಆಸೆ ಬಂತು. ಎದುರಿಗೆ ಚಿಕ್ಕತಾಯಮ್ಮನವರ ಕೈ ಅಂದು ಮೊದಲ ಬಾರಿಗೆ ನಿಂತಿತ್ತು. ಬೆರಳಿನ ನಡುವೆ ಒಂದು ಬೀಜ ಹಾಗೆಯೇ ಇತ್ತು.

ಮೊದಲಿನಿಂದ ಹೇಳಿದೆ. ಗಂಟೆ ಆರೂವರೆ ಎಂದೆ. ಶುಭಾ ಬೇಡ ಎಂದಿದ್ದಳು ಎಂದೆ. ಟವೆಲ್ ಸರಿಸಿದ್ದು, ಚಪ್ಪಲಿ ಅಡ್ಡ ಕೊಟ್ಟದ್ದು, ಕಣ್ಣು ಮುಚ್ಚಿ ಕುಳಿತದ್ದು ಹೇಳಿದೆ. “ಆಮೇಲೆ ಕಣ್ಣು ತೆರೆದು ನೋಡಿದರೆ ಮನೆ ತುಂಬ ಧೂಳು,” ಎಂದು ಮುಂದುವರಿಸಿದೆ.

ಚಿಕ್ಕತಾಯಮ್ಮನವರು ನನ್ನ ಮೊಣಕಾಲು ಮುಟ್ಟಿದರು. ತಗ್ಗಿದ ದನಿಯಲ್ಲಿ, ಮಗನಿಗೆ ಕೇಳಿಸದ ಹಾಗೆ, “ಕೆಮ್ಮಿದ್ದೂ ಯೋಳಿ,” ಎಂದರು.

ಹೇಳಿದೆ.